ಜಮೋವಿ: ಥೀಸಿಸ್ ಅಂಗಡಿಗೆ ದಂಡ ಕಟ್ಟಿದ ಮೇಲೆ ಸಿಕ್ಕ ಸಾಫ್ಟ್‌ವೇರ್

ಕೋಲಾರ ತಾಲೂಕಿನ 12 ಟೊಮೆಟೊ ತೋಟ. ಒಂದೊಂದರಲ್ಲೂ ಅರ್ಧ ಭಾಗಕ್ಕೆ ಮಲ್ಚಿಂಗ್ ಶೀಟ್ ಹಾಸಿ, ಇನ್ನರ್ಧ ಹಾಗೇ ಬಿಟ್ಟು, ಮಂಡಿಯ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಇಳುವರಿ ಬರೆದುಕೊಂಡಿದ್ದೆ. ನನ್ನ ಥೀಸಿಸ್‌ಗೆ ಬೇಕಾದ ಅನಾಲಿಸಿಸ್‌ಗೆ ಅಂತ ಊರಿನ ಒಂದು ಥೀಸಿಸ್ ಅಂಗಡಿಗೆ (ದುಡ್ಡು ತಗೊಂಡು ಲೆಕ್ಕ, ಬೈಂಡಿಂಗ್ ಎಲ್ಲ ಮಾಡಿಕೊಡೋರು) ಕೊಟ್ಟೆ. ಬೈಂಡಿಂಗ್ ಸೊಗಸಾಗಿತ್ತು. ಒಳಗೆ ಮಾತ್ರ ‘ಗಮನಾರ್ಹ ವ್ಯತ್ಯಾಸವಿಲ್ಲ’ ಅಂತ ಬರೆದಿದ್ದರು. ಗೈಡ್ ಮೇಡಂ ಡಿಗ್ರೀಸ್ ಆಫ್ ಫ್ರೀಡಂ (ಎಷ್ಟು ಸ್ವತಂತ್ರ ಅಂಕಿಗಳ ಮೇಲೆ ಲೆಕ್ಕ ನಿಂತಿದೆ ಅಂತ ಹೇಳೋ ಸಂಖ್ಯೆ) ಮೇಲೆ ಬೆರಳಿಟ್ಟು, “ತೋಟ ಇರೋದೇ 12, ಈ 22 ಎಲ್ಲಿಂದ ಬಂತಮ್ಮ?” ಅಂದರು.

24 ಅಂಕಿಗಳನ್ನ 24 ಬೇರೆ ಬೇರೆ ತೋಟ ಅಂತ ತಿಳಿದು ಅನ್‌ಪೇರ್ಡ್ ಟಿ-ಟೆಸ್ಟ್ (ಸಂಬಂಧವಿಲ್ಲದ ಎರಡು ಗುಂಪುಗಳ ಸರಾಸರಿ ಹೋಲಿಸೋ ಪರೀಕ್ಷೆ) ಮಾಡಿಬಿಟ್ಟಿದ್ದರು; 24ರಲ್ಲಿ ಗುಂಪಿಗೊಂದರಂತೆ ಎರಡು ಕಳೆದು 22. ಬರಬೇಕಾಗಿದ್ದದ್ದು 12 ಜೋಡಿಯಲ್ಲಿ ಒಂದು ಕಳೆದು 11. ಒಬ್ಬರ ಬೋರ್‌ವೆಲ್‌ನಲ್ಲಿ ನೀರು ಧಾರಾಳ, ಇನ್ನೊಬ್ಬರದು ಗರಸು ನೆಲ. ಆ ಏರುಪೇರಿನಲ್ಲೇ ಶೀಟಿನ ಲಾಭ ಮುಚ್ಚಿಹೋಗಿತ್ತು. ಪೇರ್ಡ್ ಟೆಸ್ಟ್‌ಗೆ ಬೇಕಿರೋದು ಅದೇ ತೋಟದ ಎರಡು ಅರ್ಧಗಳ ನಡುವಿನ ವ್ಯತ್ಯಾಸ ಮಾತ್ರ.

ಆಮೇಲೆ ಜಮೋವಿ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ ಹಾಕಿಕೊಂಡೆ. ಪುಕ್ಕಟೆ, ನೆಟ್ ಇಲ್ಲದೆಯೂ ನಡೆಯುತ್ತೆ. ನನಗೆ ಹಿಡಿಸಿದ್ದು ಅದು ಡೇಟಾ ಕೇಳುವ ರೀತಿ. ಪೇರ್ಡ್‌ಗೆ ಒಂದು ಸಾಲು ಅಂದ್ರೆ ಒಂದು ತೋಟ, ಪಕ್ಕಪಕ್ಕ ಎರಡು ಕಾಲಂ. ಅನ್‌ಪೇರ್ಡ್‌ಗಾದರೆ ಇಳುವರಿಯೆಲ್ಲ ಒಂದೇ ಕಾಲಂ, ಗುಂಪಿನ ಹೆಸರು ಇನ್ನೊಂದರಲ್ಲಿ. ಸಾಲು ಜೋಡಿಸುವಾಗಲೇ ಅರ್ಧ ಉತ್ತರ ಸಿಕ್ಕಿಬಿಡುತ್ತೆ.

ನಂಬಿಕೆ ಬರಲಿ ಅಂತ ಹಳೇ ಡೇಟಾ ಒಂದನ್ನ ಕೈಯಾರೆ ಟೈಪ್ ಮಾಡಿದೆ. ಡಬ್ಲಿನ್‌ನ ಗಿನ್ನಿಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ ‘ಸ್ಟೂಡೆಂಟ್’ ಅನ್ನೋ ಹೆಸರಲ್ಲಿ 1908ರಲ್ಲಿ ಬರೆದ ಲೇಖನದ್ದು: 10 ರೋಗಿಗಳು, ಎರಡು ನಿದ್ದೆ ಔಷಧಿ, ಎರಡನ್ನೂ ಕೊಟ್ಟಿದ್ದು ಅದೇ ಹತ್ತು ಜನರಿಗೆ. ಅನ್‌ಪೇರ್ಡ್ ಮಾಡಿದರೆ ಪಿ ವ್ಯಾಲ್ಯೂ (ನಿಜಕ್ಕೂ ಫರಕಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರೋ ಸಾಧ್ಯತೆ; ಚಿಕ್ಕದಾದಷ್ಟೂ ವ್ಯತ್ಯಾಸಕ್ಕೆ ಪುರಾವೆ ಗಟ್ಟಿ) 0.079. ಪೇರ್ಡ್‌ನಲ್ಲಿ 0.003. ಅಂಕಿಗಳು ಅವೇ!

ಹಾಗಂತ ಪೇರ್ಡ್ ಒತ್ತಿದರೆ ಸಾಕು ಅಂತಲ್ಲ. ಶೀಟ್ ಹಾಕಿದ್ದು ಮುಳಬಾಗಿಲಿನ ತೋಟಗಳು, ಹಾಕದ್ದು ಮಾಲೂರಿನವು ಅಂತಿದ್ದಿದ್ದರೆ ಜೋಡಿ ಅನ್ನೋದೇ ಇರ್ತಿರಲಿಲ್ಲ; ಆಗ ಅನ್‌ಪೇರ್ಡೇ ಸರಿ.

ರೇಟಿಂಗ್‌ನಲ್ಲಿ ಜಮೋವಿಗೆ ಒಂದು ಸ್ಟಾರ್ ಕಳೆದಿದ್ದೀನಿ, ಅರ್ಧ ತಪ್ಪು ನನ್ನದೇ. ಎಕ್ಸೆಲ್‌ನಲ್ಲಿ ಒಂದೇ ಕಾಲಂ ಸಾರ್ಟ್ ಮಾಡಿ ಫೈಲ್ ತೆರೆದೆ. ಒಬ್ಬರ ಶೀಟಿನ ಫಸಲು ಇನ್ನೊಬ್ಬರ ಬರಿ ನೆಲದ ಫಸಲಿನ ಪಕ್ಕ ಕೂತಿತ್ತು. ಜಮೋವಿ ಚಕಾರ ಎತ್ತದೆ ಟೇಬಲ್ ಕೊಟ್ಟಿತು, ಡಿಗ್ರೀಸ್ ಆಫ್ ಫ್ರೀಡಂ ಸರಿಯಾಗಿ 11. ಈಗ ಮೊದಲ ಕಾಲಂನಲ್ಲಿ ರೈತರ ಹೆಸರು ಹಾಕಿಕೊಂಡು, ಡೈರಿ ತೆಗೆದು ಒಂದೊಂದೇ ಸಾಲು ತಾಳೆ ನೋಡ್ತೀನಿ.