ಪಂಪ್‌ಸೆಟ್‌ನ ಡೀಸೆಲ್ ಪೈಪು: ಪ್ಲಾಸ್ಟಿಕ್, ತಾಮ್ರ, ರಬ್ಬರ್

ಶ್ರೀರಂಗಪಟ್ಟಣದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿಯ ದಡದಲ್ಲಿ ನಮ್ಮ ಎರಡು ಎಕರೆ ಕಬ್ಬಿನ ಗದ್ದೆಯಿದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವುದರಿಂದ, ನಾಲೆ ನಿಂತ ದಿನಗಳಲ್ಲಿ ಹೊಳೆಯ ನೀರನ್ನು ಎತ್ತಲು ತಂದೆಯವರು ಕೊಂಡಿದ್ದ 5 ಎಚ್‌ಪಿಯ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ನೇ ಇಂದಿಗೂ ಆಧಾರ. ಮೂರು ಬೇಸಿಗೆಗಳ ಹಿಂದೆ ಅದು ಅರ್ಧ ಗಂಟೆ ಓಡಿ, ಶಬ್ದ ಏರುಪೇರಾಗಿ, ತಾನಾಗಿಯೇ ನಿಲ್ಲತೊಡಗಿತು. ಸಿಲಿಂಡರಿನೊಳಕ್ಕೆ ಡೀಸೆಲ್ ಚಿಮ್ಮಿಸುವ ನಾಜಲ್ ಬದಲಿಸಿದರೂ ಸರಿಹೋಗಲಿಲ್ಲ. ದೋಷವಿದ್ದುದು ಟ್ಯಾಂಕಿನಿಂದ ಫಿಲ್ಟರ್‌ಗೆ, ಫಿಲ್ಟರ್‌ನಿಂದ ಎಂಜಿನ್ನಿನ ಡೀಸೆಲ್ ಪಂಪಿಗೆ (ನೀರೆತ್ತುವ ಪಂಪಲ್ಲ) ಡೀಸೆಲ್ ತರುವ ಎರಡು ತುಂಡು ಪೈಪಿನಲ್ಲಿ. ಅಲ್ಲಿಂದೀಚೆಗೆ ಬೇಸಿಗೆಗೊಂದರಂತೆ ಮೂರು ಬಗೆಯ ಪೈಪುಗಳನ್ನು ಅದೇ ಎಂಜಿನ್ನಿಗೆ ನಾನೇ ಹಾಕಿ ನೋಡಿದ್ದೇನೆ.

ಹೋಲಿಕೆಗೆ ಮುನ್ನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಲ್ಲಿ ಹೇಳುವುದೆಲ್ಲವೂ ಪಂಪಿನವರೆಗಿನ, ಒತ್ತಡ ಕಡಿಮೆಯಿರುವ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಪಂಪಿನಿಂದ ನಾಜಲ್‌ಗೆ ಹೋಗುವ ಗಟ್ಟಿ ಉಕ್ಕಿನ ಪೈಪಿನಲ್ಲಿ ಡೀಸೆಲ್‌ನ ಒತ್ತಡ ಸುಮಾರು 200 ಬಾರ್, ಅದಕ್ಕೂ ಮೇಲಕ್ಕೆ ಏರುವುದರಿಂದ ಅದರ ಜಾಗಕ್ಕೆ ಬೇರೆ ಯಾವ ಪೈಪೂ ಸಲ್ಲದು. ನಾಜಲ್‌ನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಸೇರಬಲ್ಲದಾದ್ದರಿಂದ ಅದಕ್ಕೆ ಎಂದೂ ಕೈಯೊಡ್ಡಬಾರದು.

ಮೊದಲು ಹಾಕಿದ್ದು ಪಾರದರ್ಶಕ ಪ್ಲಾಸ್ಟಿಕ್ ಪೈಪು. ಇದರ ಒಂದು ಗುಣಕ್ಕೆ ಉಳಿದೆರಡೂ ಸಾಟಿಯಲ್ಲ: ಒಳಗೆ ನಡೆಯುವುದು ಕಣ್ಣಿಗೆ ಕಾಣುತ್ತದೆ. ಫಿಲ್ಟರ್ ದಾಟಿದ ಮೇಲೆ ಸಣ್ಣ ಗುಳ್ಳೆಗಳು ಸಾಲಾಗಿ ಸಾಗುವುದನ್ನು ಇದರಲ್ಲಿ ಕಂಡ ಮೇಲೆಯೇ ಎಂಜಿನ್ ನಿಲ್ಲುವ ಕಾರಣ ಡೀಸೆಲ್ ಜೊತೆ ಸೇರಿದ ಗಾಳಿಯೆಂದು ನನಗೆ ತಿಳಿದದ್ದು. ಟ್ಯಾಂಕು ಮೇಲಿರುವುದರಿಂದ ಡೀಸೆಲ್ ತಾನಾಗಿ ಇಳಿಯುತ್ತದೆ, ಹಾಗಿರುವಾಗ ಸಡಿಲವಾದ ಕೀಲಿನಿಂದ ಡೀಸೆಲ್ ಹೊರಕ್ಕೆ ತೊಟ್ಟಿಕ್ಕಬೇಕೇ ಹೊರತು ಗಾಳಿ ಒಳಕ್ಕೆ ಹೋಗಲಾರದು ಎಂದು ನಾನು ತಿಳಿದಿದ್ದೆ. ಆದರೆ ಫಿಲ್ಟರ್ ಅರ್ಧ ಕಟ್ಟಿಕೊಂಡಿದ್ದರೆ ಪಂಪು ತನಗೆ ಬೇಕಾದಷ್ಟು ಡೀಸೆಲ್ ಸಿಗದೆ ಎಳೆಯತೊಡಗುತ್ತದೆ. ಎಂಜಿನ್ ನಿಂತಾಗ ತೊಟ್ಟಿಕ್ಕುತ್ತಿದ್ದ ಅದೇ ಕೀಲು ಓಡುವಾಗ ಗಾಳಿಯನ್ನು ಹೀರುತ್ತದೆ. ಟ್ಯಾಂಕಿನ ಮುಚ್ಚಳದ ಸಣ್ಣ ರಂಧ್ರದಲ್ಲಿ ಧೂಳು ಕೂತು ಮುಚ್ಚಿದರೂ ಡೀಸೆಲ್ ಇಳಿಯುವುದು ಹೀಗೆಯೇ ಕುಂಠಿತವಾಗುತ್ತದೆ.

ಇಷ್ಟು ಉಪಕಾರ ಮಾಡಿದ ಪ್ಲಾಸ್ಟಿಕ್ ಪೈಪು ಒಂದು ಬೇಸಿಗೆಯನ್ನೂ ಪೂರ್ತಿ ಬಾಳಲಿಲ್ಲ. ಅದನ್ನು ಮೆದುವಾಗಿಟ್ಟಿರುವ ಅಂಶವನ್ನು ಡೀಸೆಲ್ ಕ್ರಮೇಣ ಕರಗಿಸಿ ಒಯ್ಯುವುದರಿಂದ ಪೈಪು ಹಳದಿಗಟ್ಟಿತು, ಬಿರುಸಾಯಿತು, ಕ್ಲಿಪ್ಪಿನ ಅಡಿಯಲ್ಲಿ ಸೀಳಿತು.

ಎರಡನೆಯ ವರ್ಷ ತಾಮ್ರ. ನೋಡಲು ಅಚ್ಚುಕಟ್ಟು, ಬಿಸಿಲಿಗೆ ಬಗ್ಗದು, ಇಲಿ ಕಡಿಯದು. ಗದ್ದೆಯ ಗುಡಿಸಲಿನಲ್ಲಿ ಎಂಜಿನ್ ಇಡುವವರಿಗೆ ಈ ಕೊನೆಯದು ಸಣ್ಣ ಮಾತಲ್ಲ. ಆದರೆ ಒಂಟಿ ಸಿಲಿಂಡರ್ ಎಂಜಿನ್ನಿನ ಅದುರಾಟಕ್ಕೆ ತಾಮ್ರ ದಿನೇ ದಿನೇ ಗಡುಸಾಗುತ್ತದೆ. ಐದನೆಯ ತಿಂಗಳಿಗೆ ಫಿಲ್ಟರ್‌ನ ಬಳಿಯ ಬಾಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಸುರುಳಿ ಸುತ್ತಿ ಹಾಕಿದ್ದರೆ ಇನ್ನಷ್ಟು ದಿನ ಬರುತ್ತಿತ್ತೆಂದು ಒಪ್ಪುತ್ತೇನೆ. ಆದರೂ ಡೀಸೆಲ್ ಕೆಟ್ಟು ಅಂಟಾಗುವುದನ್ನು ತಾಮ್ರ ಬೇಗನೆ ಆಗಗೊಡುವುದರಿಂದ, ತಿಂಗಳುಗಟ್ಟಲೆ ಎಂಜಿನ್ ನಿಲ್ಲಿಸಿ ಇಡುವ ನಮ್ಮಂಥವರಿಗೆ ನಾನು ಅದನ್ನು ಹೇಳಲಾರೆ.

ಈಗ ಇರುವುದು ಒಳಗೆ ನೂಲಿನ ಹೆಣಿಗೆಯಿರುವ ನೈಟ್ರೈಲ್ ರಬ್ಬರ್ ಪೈಪು. ಇಲ್ಲಿಯೂ ಮೊದಲು ತಪ್ಪಿದೆ: ಅಂಗಡಿಯಲ್ಲಿ ಸಿಕ್ಕ ಸಾಮಾನ್ಯ ಕಪ್ಪು ರಬ್ಬರ್ ಪೈಪನ್ನು ಹಾಕಿದೆ. ಹೊರಗೆ ಏನೂ ಕಾಣಲಿಲ್ಲ; ಕೆಲವು ವಾರಗಳ ಮೇಲೆ ಕೊಯ್ದು ನೋಡಿದರೆ ಒಳಗೋಡೆ ಡೀಸೆಲ್ ಕುಡಿದು ಊದಿ, ದಾರಿ ಅರ್ಧಕ್ಕೆ ಇಳಿದಿತ್ತು. ಆದ್ದರಿಂದ ರಬ್ಬರ್ ಎಂದು ಕೇಳಿದರೆ ಸಾಲದು, ಡೀಸೆಲ್‌ಗೆಂದೇ ಮಾಡಿದ, ಮೈಮೇಲೆ ಹಾಗೆಂದು ಅಚ್ಚಾಗಿರುವ ಪೈಪನ್ನೇ ಕೇಳಿ ತರಬೇಕು. ಹೊಂಗೆ ಎಣ್ಣೆಯಿಂದ ಮಾಡಿದ ಜೈವಿಕ ಡೀಸೆಲ್ಲನ್ನೇ ಬಳಸುವವರಿಗೆ ನೈಟ್ರೈಲ್ ಕೂಡ ಒದಗದು, ಅವರಿಗೆ ವೈಟಾನ್ ಎಂಬ ಬೇರೆ ಬಗೆಯ ರಬ್ಬರ್ ಬೇಕಾಗುತ್ತದೆ. ನಮ್ಮಂತೆ ಬಂಕಿನ ಡೀಸೆಲ್ ಹಾಕುವವರಿಗೆ ನೈಟ್ರೈಲ್ ಸಾಕು. ಇದು ಅದುರಾಟವನ್ನು ತಾನೇ ನುಂಗಿಕೊಳ್ಳುತ್ತದೆ. ಒಂದು ವರ್ಷ ಕಳೆದರೂ ಎಲ್ಲಿಯೂ ಒದ್ದೆಯಾಗಿಲ್ಲ.

ಹಾಕುವ ಕ್ರಮದಲ್ಲಿ ಮಾತ್ರ ತಾಳ್ಮೆ ಬೇಕು. ಗರಗಸದಿಂದ ಕೊಯ್ದರೆ ರಬ್ಬರಿನ ಪುಡಿ ಒಳಗೆ ಉಳಿಯುತ್ತದೆ, ಹರಿತವಾದ ಬ್ಲೇಡಿನಿಂದ ನೇರವಾಗಿ ಕೊಯ್ಯಬೇಕು. ತುದಿಯನ್ನು ಡೀಸೆಲ್‌ನಲ್ಲಿ ಅದ್ದಿ ತೂರಿಸದಿದ್ದರೆ ಒಳಪದರ ಸುಲಿದು ದಾರಿಗೆ ಅಡ್ಡ ಬರುತ್ತದೆ. ಪೈಪು ನಡುವೆ ಮೇಲಕ್ಕೆ ಕಮಾನಾಗಿ ಏರಿದರೆ ಆ ಏರಿನಲ್ಲಿ ಗಾಳಿ ನಿಲ್ಲುತ್ತದೆ. ಆದ್ದರಿಂದ ಟ್ಯಾಂಕಿನಿಂದ ಒಂದೇ ಇಳಿಜಾರಿನಲ್ಲಿ ತರಬೇಕು. ಕಟ್ಟುವ ತಂತಿಯನ್ನು ತಿರುಚಿ ಬಿಗಿಯುವುದು ನಮ್ಮ ಕಡೆ ವಾಡಿಕೆ. ಅದು ಎರಡು ಕಡೆ ಒತ್ತಿ ಮಿಕ್ಕ ಸುತ್ತನ್ನು ಸಡಿಲ ಬಿಡುವುದರಿಂದ ಸ್ಕ್ರೂ ಕ್ಲಿಪ್ಪೇ ಮೇಲು.

ಪೈಪಿನ ತುದಿಯ ಬಳೆಯನ್ನು ಬಿಗಿಯುವ, ಒಳಗೆ ಡೀಸೆಲ್ ಹರಿಯುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟು) ವಾಷರ್‌ಗಳಲ್ಲಿಯೂ ಎರಡು ಬಗೆಯನ್ನು ನೋಡಿದೆ. ಫೈಬರ್ ವಾಷರ್ ಒಮ್ಮೆ ಬಿಚ್ಚಿದರೆ ಮತ್ತೆ ಹಿಡಿಯುವುದಿಲ್ಲ. ತಾಮ್ರದ ವಾಷರನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗಿ ಹೊಸದರಂತೆ ಕೂರುತ್ತದೆ. ಪೈಪಿಗೆ ಬೇಡವೆಂದ ತಾಮ್ರ ಇಲ್ಲಿ ನನಗೆ ಬೇಕೇ ಬೇಕು.

ಯಾವ ಪೈಪು ಹಾಕಿದರೂ ಕೊನೆಗೆ ಏರ್, ಅಂದರೆ ಒಳಗುಳಿದ ಗಾಳಿ, ತೆಗೆಯಲೇಬೇಕು. ಫಿಲ್ಟರ್‌ನ ಏರ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಂತು ಡೀಸೆಲ್ ಧಾರೆಯಾಗಿ ಬಂದ ಮೇಲೆ ಬಿಗಿಯಬೇಕು, ಆಮೇಲೆ ಪಂಪಿನದು. ತಾಮ್ರಕ್ಕೆ ಮತ್ತು ರಬ್ಬರಿಗೆ ಇದನ್ನು ಎರಡೆರಡು ಬಾರಿ ಮಾಡಬೇಕಾಯಿತು, ಏಕೆಂದರೆ ಉಳಿದ ಗುಳ್ಳೆ ಕಾಣುವುದಿಲ್ಲ. ಅದಕ್ಕಾಗಿಯೇ ಗೇಣುದ್ದದ ಪ್ಲಾಸ್ಟಿಕ್ ಪೈಪೊಂದನ್ನು ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಅನುಮಾನ ಬಂದಾಗ ಫಿಲ್ಟರ್ ಮತ್ತು ಪಂಪಿನ ನಡುವೆ ಅದನ್ನು ಹಾಕಿ, ಹತ್ತು ನಿಮಿಷ ಎಂಜಿನ್ ಓಡಿಸಿ, ಗುಳ್ಳೆಯಿದೆಯೇ ಎಂದು ನೋಡಿ, ರಬ್ಬರ್ ಪೈಪನ್ನು ಮತ್ತೆ ಅದರ ಜಾಗಕ್ಕೆ ಕೂರಿಸುತ್ತೇನೆ.