ಮಸಾಯಿ ಮಾರಾಕ್ಕೆ ಹೊರಟಿದ್ದೀರಾ? ಮೊದಲು ಡಾಲರ್ ನೋಟಿನ ಇಸವಿ ನೋಡಿ

ಬೆಳಗ್ಗೆ ಆರೂಕಾಲು. ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯ, ಅದರ ಸೆಕೆನಾನಿ ಗೇಟಿನ ಹತ್ತಿರದ ಒಂದು ಕ್ಯಾಂಪು. ಬೇರೆಯವರ ಜೀಪುಗಳೆಲ್ಲ ಧೂಳೆಬ್ಬಿಸಿಕೊಂಡು ಹೊರಟುಹೋಗಿದ್ದವು. ನಾವು ನಾಲ್ಕು ಜನ ಮಾತ್ರ ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಊಟದ ಹಾಲಿನಲ್ಲಿ ಕೂತಿದ್ದೆವು. ನಾನು, ನನ್ನ ಹೆಂಡತಿ, ಅವಳ ಅಕ್ಕ ಮತ್ತು ನನ್ನ ಷಡ್ಡಕರು. ಸಾಯಲಿ, ಬ್ಯಾಂಕಿನಲ್ಲಿ ದುಡ್ಡಿಲ್ಲದೆ ಕೂತಿದ್ದರೆ ಬೇಜಾರಾಗುತ್ತಿರಲಿಲ್ಲ. ದುಡ್ಡಿತ್ತು. ಅದನ್ನು ಅಲ್ಲಿಗೆ ತಲುಪಿಸುವ ದಾರಿ ಇರಲಿಲ್ಲ.

ಮೊದಲಿಂದ ಹೇಳುತ್ತೇನೆ. ಇದು 2024ರ ಆಗಸ್ಟ್ ಮಾತು. ಬೆಂಗಳೂರಿನ ಒಬ್ಬ ಏಜೆಂಟ್ ಹತ್ತಿರ ಪ್ಯಾಕೇಜ್ ಮಾಡಿಸಿದ್ದೆವು. "ಎಲ್ಲಾ ಸೇರಿದೆ ಸಾರ್, ಕೈಖರ್ಚಿಗೆ ಸ್ವಲ್ಪ ಇಟ್ಕೊಳ್ಳಿ ಸಾಕು" ಅಂದಿದ್ದ. ನಾನೂ ನಂಬಿದೆ. ಹೊಸ 100 ಡಾಲರಿನ ಆರು ನೋಟು ಕೊಂಡೆ. ಬೀರುವಿನಲ್ಲಿ ಇನ್ನು ನಾಲ್ಕಿದ್ದವು, ನ್ಯೂಜೆರ್ಸಿಯಲ್ಲಿರುವ ಬಾಮೈದ ಎಷ್ಟೋ ವರ್ಷದ ಹಿಂದೆ ಕೊಟ್ಟಿದ್ದು. ಒಟ್ಟು ಸಾವಿರ ಡಾಲರ್. ಮೇಲೆ ಕ್ರೆಡಿಟ್ ಕಾರ್ಡ್ ಇದೆ. ಮೊದಲೇ ವಿದೇಶಿ ಹಣ ತುಂಬಿಸಿ ಒಯ್ಯುವ ಫಾರೆಕ್ಸ್ ಕಾರ್ಡ್ ಯಾಕೆ ದಂಡ ಅನ್ನಿಸಿತು.

ನೈರೋಬಿಯಲ್ಲಿ ಇಳಿದ ದಿನವೇ ಮೊದಲ ಪೆಟ್ಟು. ಹಣ ಬದಲಿಸುವ ಕೌಂಟರಿನ ಹುಡುಗಿ ನೋಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಬಾಮೈದನ ನಾಲ್ಕನ್ನೂ ಬೆರಳಲ್ಲಿ ಈಚೆಗೆ ತಳ್ಳಿದಳು. ಡಾಲರ್ ನೋಟಿನ ಮೇಲೆ ಸಣ್ಣ ಅಕ್ಷರದಲ್ಲಿ ಸೀರೀಸ್ ಇಸವಿ ಇರುತ್ತದೆ. ನಮ್ಮದು 2003. ಪೂರ್ವ ಆಫ್ರಿಕಾದಲ್ಲಿ 2006ಕ್ಕಿಂತ ಹಳೆಯ ನೋಟನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ಕೆಲವು ಕಡೆ 2009 ಅಥವಾ 2013ರ ಮೇಲಿನದ್ದೇ ಬೇಕು ಅನ್ನುತ್ತಾರೆ. ಅಮೆರಿಕದಲ್ಲಿ ಇವೇ ನೋಟು ಈಗಲೂ ಚಲಾವಣೆಯಲ್ಲಿವೆ. ಇಲ್ಲಿ ಖೋಟಾ ನೋಟಿನ ಭಯಕ್ಕೆ ಬೇಡ ಅಂತಾರೆ. ಹರಿದದ್ದು, ಪೆನ್ನಿನ ಗೀಟು ಇರುವುದು, ಸೀಲು ಬಿದ್ದಿರುವುದೂ ಅಷ್ಟೇ. ಇನ್ನೊಂದು ವಿಚಿತ್ರ: 100, 50ರ ನೋಟಿಗೆ ಸಿಗುವ ರೇಟು 5, 10ರ ನೋಟಿಗೆ ಸಿಗುವುದಿಲ್ಲ. ಹೊಸ ನೋಟಿನಲ್ಲಿ 200 ಡಾಲರ್ ಬದಲಿಸಿ ಕೀನ್ಯಾದ ಹಣ ಶಿಲ್ಲಿಂಗ್ ತಗೊಂಡೆ. ನಾನ್ನೂರು ಒಳ್ಳೇದು, ನಾನ್ನೂರು ಕಾಗದ ಉಳಿಯಿತು.

ಮಾರನೇ ದಿನ ಲ್ಯಾಂಡ್‌ಕ್ರೂಸರಿನಲ್ಲಿ ಮಾರಾಕ್ಕೆ ಹೊರಟೆವು. ರಿಫ್ಟ್ ಕಣಿವೆ ಇಳಿದು, ನಾರೋಕ್ ದಾಟಿ, ಹೆಚ್ಚುಕಮ್ಮಿ ಆರು ತಾಸು. ದಾರಿಯಲ್ಲಿ ಅಂಗಡಿಗೆ 'ದುಕಾ' ಅನ್ನುತ್ತಾರೆ, ಚಹಾಕ್ಕೆ 'ಚಾಯ್'. ಚಪಾತಿ ಚಪಾತಿಯೇ. ಮನೆಗೆ ಬಂದ ಹಾಗಾಯಿತು. ಎಲ್ಲಾ ಕಡೆ ಎಂಪೆಸಾ, ಅಂದರೆ ಫೋನಿನಲ್ಲೇ ಹಣ ಕೊಡುವ ವ್ಯವಸ್ಥೆ. 2007ರಿಂದ ಇದೆಯಂತೆ, ನಮ್ಮ ಯುಪಿಐಗಿಂತ ಎಷ್ಟೋ ಮುಂಚೆ. ನಾವು ಮಾತ್ರ ಶಿಲ್ಲಿಂಗ್ ಎಣಿಸುತ್ತಿದ್ದೆವು. ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ಅಲ್ಲಿನ ಸಿಮ್ ತಗೊಂಡು ಎಂಪೆಸಾ ಮಾಡಿಸಿಕೊಳ್ಳಬಹುದಿತ್ತು. ಇದು ಗೊತ್ತಾಗಿದ್ದು ಆಮೇಲೆ.

ರಾತ್ರಿ ಊಟದ ಹೊತ್ತಿಗೆ ಅಲ್ಲಿನ ಟೂರ್ ಕಂಪನಿಯಿಂದ ವಾಟ್ಸಾಪ್ ಬಂತು. ಪಾರ್ಕ್ ಶುಲ್ಕದ ವ್ಯತ್ಯಾಸ 800 ಡಾಲರ್ ಕಟ್ಟಿ, ಕಟ್ಟಿದ ಮೇಲೆ ಟಿಕೆಟ್. ಆ ವರ್ಷದಿಂದ ಮಾರಾದಲ್ಲಿ ವಿದೇಶಿಯರಿಗೆ ಜನವರಿಯಿಂದ ಜೂನ್ ತನಕ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್ ತನಕ 200. ಅದೂ 12 ತಾಸಿಗೆ, ಬೆಳಗ್ಗೆ ಆರರಿಂದ ಸಂಜೆ ಆರು. ನಮ್ಮ ಏಜೆಂಟ್ ನೂರರ ಲೆಕ್ಕ ಹಿಡಿದಿದ್ದ. ನಾಲ್ಕು ಜನ, ಎರಡು ದಿನ. ಫೋನ್ ಮಾಡಿದರೆ, "ಸಾರ್, ಪಾರ್ಕ್ ಫೀ ಅಲ್ಲಿನ ದರದ ಪ್ರಕಾರ ಅಂತ ಕೊಟೇಶನ್ನಲ್ಲಿ ಇದೆ, ನೋಡಿ" ಅಂದ. ನೋಡಿದೆ. ಇತ್ತು. ಮೂರನೇ ಪುಟದ ಕೊನೆ ಸಾಲಿನಲ್ಲಿ. ನೀವು ಬುಕ್ ಮಾಡುವಾಗ "ಎಲ್ಲಾ ಸೇರಿದೆ" ಅನ್ನುವ ಮಾತನ್ನು ಬಿಟ್ಟುಬಿಡಿ. ನೀವು ಹೋಗುವ ತಿಂಗಳಿಗೆ, ತಲೆಗೆ, ದಿನಕ್ಕೆ ಎಷ್ಟು ಪಾರ್ಕ್ ಶುಲ್ಕ ಹಿಡಿದಿದ್ದಾರೆ ಅಂತ ಅಂಕಿಯಲ್ಲಿ ಬರೆಸಿಕೊಳ್ಳಿ.

ಒಳ್ಳೆಯ ನಾನ್ನೂರನ್ನು ಅಲ್ಲೇ ಕೊಟ್ಟೆವು. ಅದರಲ್ಲಿ ಮೊದಲ ದಿನದ್ದಾದರೂ ಮುಗಿಸಿ ಅಂದರೆ, ಎರಡೂ ದಿನದ್ದು ಒಟ್ಟಿಗೇ ಬರಬೇಕು ಅಂದರು. ಉಳಿದದ್ದಕ್ಕೆ ಪೇಮೆಂಟ್ ಲಿಂಕ್ ಕಳಿಸಿದರು. ಓಟಿಪಿ ಎಲ್ಲಿಗೆ ಬರುತ್ತದೆ? ನನ್ನ ಬೆಂಗಳೂರಿನ ನಂಬರಿಗೆ. ರೋಮಿಂಗ್ ಹಾಕಿಸಿರಲಿಲ್ಲ. ವೈಫೈ ಇದೆಯಲ್ಲ, ವಾಟ್ಸಾಪ್ ಸಾಕು ಅಂದುಕೊಂಡಿದ್ದೆ. ಆ ವೈಫೈ ಜನರೇಟರ್ ಜೊತೆಗೇ ರಾತ್ರಿ ಹತ್ತಕ್ಕೆ ಮಲಗಿತು.

ಬೆಳಗ್ಗೆ ಎದ್ದು ಮಗನಿಗೆ ಫೋನ್ ಮಾಡಿ ರೋಮಿಂಗ್ ಪ್ಯಾಕ್ ಹಾಕಿಸಿದೆ. ಮೊದಲ ಓಟಿಪಿ ಬರುವಷ್ಟರಲ್ಲಿ ಅದರ ಆಯಸ್ಸು ಮುಗಿದಿತ್ತು. ಎರಡನೆಯದು ಹೊತ್ತಿಗೆ ಸರಿಯಾಗಿ ಬಂತು, ಆದರೆ ಕಾರ್ಡೇ ಬೇಡ ಅಂತು. 2020ರಿಂದ ನಮ್ಮಲ್ಲಿ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ನಾನು ಮಾಡಿರಲಿಲ್ಲ. ಷಡ್ಡಕರ ಕಾರ್ಡಿನಲ್ಲಿ ಆನ್ ಇತ್ತು, ಅವರ ಫೋನ್ ನಂಬರು ಬ್ಯಾಂಕಿನಲ್ಲಿ ಹಳೇದು. ಕೊನೆಗೆ ಬ್ಯಾಂಕಿನ ಆಪ್ ತೆರೆದು, ಸ್ವಿಚ್ ಆನ್ ಮಾಡಿ, ಕಟ್ಟುವಾಗ ಹತ್ತೂವರೆ. ರೂಪಾಯಿಯಲ್ಲೋ, ಡಾಲರಿನಲ್ಲೋ ಅಂತ ಪರದೆ ಕೇಳಿತು. ಅವಸರದಲ್ಲಿ ರೂಪಾಯಿ ಒತ್ತಿದೆ. ಅದೂ ತಪ್ಪು. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ರೇಟು. ಮೇಲೆ ಬ್ಯಾಂಕಿನ ಚಾರ್ಜೂ ಬಿತ್ತು. ಯಾವಾಗಲೂ ಬಿಲ್ಲು ಯಾವ ಹಣದಲ್ಲಿದೆಯೋ ಅದನ್ನೇ ಒತ್ತಿ.

ನಾವು ಗೇಟು ದಾಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಿಂಹಗಳು ಪೊದೆಯ ನೆರಳಲ್ಲಿ ಗೊರಕೆ. ಬೆಳಗ್ಗೆ ಹೋದವರು ಚೀತಾ ಬೇಟೆಯಾಡಿದ್ದನ್ನು ಊಟದಲ್ಲಿ ವರ್ಣಿಸುತ್ತಿದ್ದರು. ಹೆಂಡತಿ ನನ್ನ ಕಡೆ ನೋಡಲೇ ಇಲ್ಲ.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮವರು ಪ್ಯಾಕ್ ಮಾಡುವುದು ಗೊತ್ತಲ್ವಾ, ಚಪ್ಪಲಿಗೊಂದು ಕವರ್, ಚಕ್ಕುಲಿಗೆ ಎರಡು, ಒದ್ದೆ ಬಟ್ಟೆಗೆ ಇರಲಿ ಅಂತ ಇನ್ನು ನಾಲ್ಕು. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ಕಾನೂನಿನಲ್ಲಿ 40 ಲಕ್ಷ ಶಿಲ್ಲಿಂಗ್ ತನಕ ದಂಡ ಅಥವಾ ನಾಲ್ಕು ವರ್ಷ ತನಕ ಜೈಲಿದೆ. ನಮಗೆ ಅಷ್ಟೆಲ್ಲ ಆಗಲಿಲ್ಲ. ವಿಮಾನ ನಿಲ್ದಾಣದಲ್ಲೇ ಎಲ್ಲಾ ಬಿಚ್ಚಿಸಿದರು. ಚಕ್ಕುಲಿ ನನ್ನ ಲುಂಗಿಯಲ್ಲಿ ಗಂಟಾಯಿತು. ಬಟ್ಟೆ ಚೀಲ ಒಯ್ಯಿರಿ. ಸ್ವೆಟರ್ ಒಯ್ಯಿರಿ, ಮಾರಾ ಎತ್ತರದ ಜಾಗ, ಆಗಸ್ಟ್ ಬೆಳಗ್ಗೆ ಹಲ್ಲು ಕಟಕಟ ಅನ್ನುತ್ತದೆ. ಷಡ್ಡಕರು ಮೂರು ದಿನ ಕ್ಯಾಂಪಿನವರ ಕೆಂಪು ಮಸಾಯಿ ಹೊದಿಕೆ ಸುತ್ತಿಕೊಂಡೇ ಓಡಾಡಿದರು. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲೇ ಆಗಿರಬೇಕು. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಭಾರತದಲ್ಲಿ ಇಳಿದಾಗ ಪ್ರತ್ಯೇಕವಾಗಿ ಇಟ್ಟುಬಿಡಬಹುದು.

ಹಿಂದಕ್ಕೆ ಬರುವಾಗ ನೈರೋಬಿಯ ವಿಲ್ಸನ್ ನಿಲ್ದಾಣಕ್ಕೆ ಸಣ್ಣ ವಿಮಾನ. ಕೈಚೀಲ ಸೇರಿಸಿ ತಲೆಗೆ 15 ಕಿಲೋ, ಅದೂ ಮೆತ್ತನೆ ಚೀಲ ಮಾತ್ರ. ನಮ್ಮದು ಗಟ್ಟಿ ಸೂಟ್‌ಕೇಸ್, ಒಂದೊಂದೂ 22 ಕಿಲೋ. ಡ್ರೈವರ್ ನಕ್ಕು, "ನಾನು ತರುತ್ತೇನೆ" ಅಂದ. ನಾಲ್ಕೂ ಸೂಟ್‌ಕೇಸ್ ಹೇರಿಕೊಂಡು ಅದೇ ಆರು ತಾಸಿನ ರಸ್ತೆಯಲ್ಲಿ ಒಬ್ಬನೇ ಬಂದ. ಸಂಜೆ ತಂದು ಒಪ್ಪಿಸಿದಾಗ ಕೊಡಲು ನಮ್ಮ ಹತ್ತಿರ ಉಳಿದಿದ್ದು 2,300 ಶಿಲ್ಲಿಂಗ್. ಐದು ದಿನ ನಮ್ಮನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನಿಗೆ 20 ಡಾಲರೂ ಅಲ್ಲ. ನಾಚಿಕೆಯಾಗಿ ಹಳೇ ನೂರರ ನೋಟು ಒಂದನ್ನು ಚಾಚಿದೆ. ಇಸವಿ ನೋಡಿ, ಎರಡೂ ಕೈಯಲ್ಲಿ ವಾಪಸ್ ಕೊಟ್ಟ.

ಊರಿಗೆ ಬಂದ ಮೇಲೆ ಆ ಕಂಪನಿಯ ಮೂಲಕ ಅವನ ಎಂಪೆಸಾಗೆ ಹಣ ಕಳಿಸಿದೆ. ನಾಲ್ಕು ನೋಟು ಮತ್ತೆ ಬೀರುವಿನಲ್ಲಿವೆ. ಬಾಮೈದ ಡಿಸೆಂಬರಿನಲ್ಲಿ ಬರುತ್ತಾನೆ. ಅವನ ಕೈಗೇ ಕೊಟ್ಟು ಕಳಿಸಬೇಕು.