ಡೆತ್ ವ್ಯಾಲಿಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುವ ಮುನ್ನ

1996ರ ಜುಲೈನಲ್ಲಿ ಜರ್ಮನಿಯ ಡ್ರೆಸ್ಡೆನ್‌ನಿಂದ ಬಂದಿದ್ದ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಬಾಡಿಗೆ ಮಿನಿವ್ಯಾನ್‌ನಲ್ಲಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್ ಹೊಕ್ಕರು. ಬೆಟ್ಟ ದಾಟಿ ಪಶ್ಚಿಮಕ್ಕೆ ಇಳಿಯಲು ನಕ್ಷೆಯಲ್ಲಿ ಮೆಂಗೆಲ್ ಪಾಸ್ ಎಂಬ ದಾರಿಯ ಗೆರೆ ಇತ್ತು. ಪಾಸ್ ದಾಟಿ ಹೋಗುವುದಾಗಿ ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಬರೆದಿಟ್ಟು ಹೊರಟರು. ಅದು ಎತ್ತರದ ಫೋರ್‌ವೀಲ್ ಡ್ರೈವ್ ಗಾಡಿಗಳೇ ಬಂಡೆಗಳ ಮೇಲೆ ಏಗಿಕೊಂಡು ದಾಟುವ ಜಾಗ. ಅಕ್ಟೋಬರ್‌ನಲ್ಲಿ ವ್ಯಾನ್ ಸಿಕ್ಕಿದ್ದು ಆನ್ವಿಲ್ ಕ್ಯಾನ್ಯನ್‌ನ ಮರಳಿನಲ್ಲಿ, ಗಾಳಿ ಹೋದ ಟೈರುಗಳೊಂದಿಗೆ. ದೊಡ್ಡವರ ಮೂಳೆಗಳು ಸಿಕ್ಕಿದ್ದು 2009ರಲ್ಲಿ, ವ್ಯಾನಿನಿಂದ ಹಲವು ಮೈಲಿ ದಕ್ಷಿಣಕ್ಕೆ.

ಈ ನಾಲ್ವರನ್ನು ಕೊಂದದ್ದು ಬಿಸಿಲು ಎಂದು ಹೇಳಿ ಮುಗಿಸಿದರೆ ಪ್ರಯೋಜನವಿಲ್ಲ. ಡಾಂಬರು ರಸ್ತೆ ಬಿಟ್ಟಿದ್ದು, ಅದೂ ಮಿನಿವ್ಯಾನ್‌ನಂಥ ಗಾಡಿಯಲ್ಲಿ ಬಿಟ್ಟಿದ್ದು, ಕೊನೆಗೆ ಗಾಡಿಯನ್ನೇ ಬಿಟ್ಟು ನಡೆದದ್ದು: ಈ ಮೂರೂ ಇವತ್ತಿಗೂ ಹಾಗೇ ಮರುಕಳಿಸುತ್ತಿವೆ. 2009ರ ಆಗಸ್ಟ್‌ನಲ್ಲಿ ಅದೇ ಪಾರ್ಕಿನಲ್ಲಿ ತಾಯಿ ಮಗನ ಕಾರು ಒಂದು ನಿರ್ಜನ ಮಣ್ಣುದಾರಿಯಲ್ಲಿ ಹೂತುಕೊಂಡಿತು. ಐದು ದಿನದ ಮೇಲೆ ರೇಂಜರ್ ತಲುಪುವಷ್ಟರಲ್ಲಿ ಹುಡುಗ ತೀರಿಕೊಂಡಿದ್ದ. ಇಂಥವಕ್ಕೆ ಅಲ್ಲಿನ ರೇಂಜರುಗಳು 'ಡೆತ್ ಬೈ ಜಿಪಿಎಸ್' ಎಂದೇ ಹೆಸರಿಟ್ಟಿದ್ದಾರೆ.

ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಿಗೆ ಇದು ಯಾಕೆ ಮುಖ್ಯ ಅಂದರೆ, ಊರಿನಿಂದ ಅಪ್ಪ ಅಮ್ಮ ಬರುವುದೂ ಮಕ್ಕಳಿಗೆ ರಜೆ ಸಿಗುವುದೂ ಬೇಸಿಗೆಯಲ್ಲೇ. ಲಾಸ್ ವೇಗಸ್ ನೋಡಿಕೊಂಡು, ಎರಡೇ ಗಂಟೆ ದಾರಿ ಎಂದು ಪಾರ್ಕಿನ ನಡುವಿನ ಫರ್ನೇಸ್ ಕ್ರೀಕ್ ಕಡೆ ತಿರುಗುವುದು ಸುಲಭ. ಆಗ ಹಿಂದಿನ ಸೀಟಿನಿಂದ ಒಂದು ಮಾತು ಖಂಡಿತ ಬರುತ್ತದೆ: "ನಮ್ಮ ರಾಯಚೂರು, ಕಲಬುರಗಿಯಲ್ಲಿ ಇಲ್ಲದ ಬಿಸಿಲೇನಪ್ಪಾ?" ಇದೆ. ಫರ್ನೇಸ್ ಕ್ರೀಕ್‌ನಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠವೇ ಸುಮಾರು 47 ಡಿಗ್ರಿ, ಸರಾಸರಿ ಕನಿಷ್ಠ 31ರ ಆಸುಪಾಸು. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಚರ್ಮದ ಮೇಲೆ ನಿಲ್ಲದೆ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಹಾಗಾಗಿ ನೀರು ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ.

47 ಇರಲಿ, 38 ಸಾಕು. 2015ರ ಆಗಸ್ಟ್‌ನಲ್ಲಿ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಅಷ್ಟೇ ಇತ್ತು, ರಾಯಚೂರಿನ ಏಪ್ರಿಲ್‌ಗೆ ಅದು ಮಾಮೂಲು. ಫ್ರಾನ್ಸ್‌ನಿಂದ ಬಂದ ಗಂಡ ಹೆಂಡತಿ ಒಂಬತ್ತು ವರ್ಷದ ಮಗನ ಜೊತೆ 8 ಕಿ.ಮೀ. ಮರಳುದಾರಿ ಹಿಡಿದಾಗ ಮೂವರ ಕೈಯಲ್ಲಿದ್ದದ್ದು ಎರಡು ಸಣ್ಣ ಬಾಟಲಿ ನೀರು. ಸುಸ್ತಾದ ತಾಯಿ ಒಬ್ಬಳೇ ವಾಪಸ್ ಹೊರಟು ದಾರಿಯಲ್ಲೇ ಕುಸಿದಳು. ಅಪ್ಪ ಮಗ ಮುಂದೆ ನಡೆದರು, ಅಪ್ಪನೂ ಉಳಿಯಲಿಲ್ಲ. ತಮಗೆ ಒಂದು ಗುಟುಕಾದರೆ ಮಗನಿಗೆ ಎರಡು ಕೊಟ್ಟಿದ್ದರಂತೆ, ಹುಡುಗ ಬದುಕಿದ. ಒಬ್ಬರಿಗೆ ಆಗುವುದಿಲ್ಲ ಎಂದರೆ ಎಲ್ಲರೂ ಒಟ್ಟಿಗೇ ಹಿಂದಿರುಗಬೇಕು.

ನೀರಿನ ಲೆಕ್ಕ ಬಾಯಲ್ಲಿ ಹೇಳಿ ಬಿಡುವಂಥದ್ದಲ್ಲ, ಡಿಕ್ಕಿಯಲ್ಲಿ ಎಣಿಸುವಂಥದ್ದು. ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ಎನ್ನುತ್ತದೆ ಪಾರ್ಕ್. ಆರು ಜನಕ್ಕೆ 24 ಲೀಟರ್. ಗಾಡಿ ಕೆಟ್ಟು ಒಂದು ರಾತ್ರಿ ಅಲ್ಲೇ ಕಳೆಯಬೇಕಾಗಿ ಬಂದರೆ ಇನ್ನೊಂದು 24. ಅರ್ಧ ಲೀಟರಿನ ನಲವತ್ತು ಬಾಟಲಿಯ ಒಂದು ಕೇಸ್ ಅಂದರೆ 20 ಲೀಟರ್, ಅಂದರೆ ಆರು ಜನಕ್ಕೆ ಎರಡು ಕೇಸೂ ಸಾಲದು. ಇದರ ಮೇಲೆ ರೇಡಿಯೇಟರ್‌ಗೆಂದು 4 ಲೀಟರ್ ಬೇರೆ ಇರಲಿ. ಬರೀ ನೀರು ಕುಡಿಯುತ್ತಲೇ ಇದ್ದರೆ ರಕ್ತದ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿ ಶುರುವಾಗುತ್ತದೆ. ಓಆರ್‌ಎಸ್ ಪುಡಿ, ಚಕ್ಕುಲಿ, ಹುರಿಗಡಲೆ ಜೊತೆಗಿರಲಿ. ಮೊಸರನ್ನ ಐಸ್‌ಬಾಕ್ಸ್ ಇಲ್ಲದೆ ಬೇಡ.

ಹಿರಿಯರ ಔಷಧಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು ಕಳೆಯುತ್ತವೆ. ಹೊರಡುವ ಮೊದಲು ವೈದ್ಯರನ್ನು ಕೇಳಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇನ್ಸುಲಿನ್ 30 ಡಿಗ್ರಿ ಮೀರಿದರೆ ಕೆಡುತ್ತದೆ. ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಟ್ಟು ಹತ್ತು ನಿಮಿಷ ಫೋಟೋ ತೆಗೆಯಲು ಹೋಗುವುದೂ ತಪ್ಪೇ.

ಇನ್ನು ಚಪ್ಪಲಿ. 1972ರ ಜುಲೈನಲ್ಲಿ ಫರ್ನೇಸ್ ಕ್ರೀಕ್‌ನ ನೆಲದ ಮೇಲ್ಮೈ 93.9 ಡಿಗ್ರಿ ಮುಟ್ಟಿತ್ತು. 2024ರ ಜುಲೈನಲ್ಲಿ ಮೆಸ್ಕೀಟ್ ಫ್ಲಾಟ್ ಮರಳುದಿಬ್ಬದಲ್ಲಿ ಹವಾಯಿ ಚಪ್ಪಲಿ ಕಳೆದುಕೊಂಡ ಬೆಲ್ಜಿಯಂನ ಪ್ರವಾಸಿಯೊಬ್ಬರ ಅಂಗಾಲಿಗೆ ಮೂರನೇ ದರ್ಜೆಯ ಸುಟ್ಟಗಾಯಗಳಾದವು. ಬಿಸಿಗಾಳಿ ತೆಳುವಾಗಿ ರೆಕ್ಕೆಗೆ ಎತ್ತುವ ಬಲ ಸಾಲದೆ ಹೆಲಿಕಾಪ್ಟರ್ ಅಲ್ಲಿ ಇಳಿಯಲಾಗಲಿಲ್ಲ. ಆಂಬುಲೆನ್ಸ್‌ನಲ್ಲಿ ಎತ್ತರದ, ಸ್ವಲ್ಪ ತಂಪಿನ ಜಾಗಕ್ಕೆ ಒಯ್ದು ಹತ್ತಿಸಬೇಕಾಯಿತು. ಸುಮಾರು 49 ಡಿಗ್ರಿ ದಾಟಿದ ಮೇಲೆ ಆಕಾಶದಿಂದ ಯಾರೋ ಬರುತ್ತಾರೆ ಎಂಬ ಲೆಕ್ಕ ಇಟ್ಟುಕೊಳ್ಳಲೇಬಾರದು. ಎಲ್ಲರಿಗೂ ಮುಚ್ಚಿದ ಶೂ, ನಡಿಗೆಯೇನಿದ್ದರೂ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ.

ದಾರಿಯ ಮಾತು. ಪಾರ್ಕ್ 13,000 ಚದರ ಕಿ.ಮೀ.ಗೂ ದೊಡ್ಡದು, ಮೂರು ಕೊಡಗು ಹಿಡಿಸಿ ಮಿಗುವಷ್ಟು, ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಫೋನಿನ ನಕ್ಷೆ ಹತ್ತಿರದ ಗೆರೆ ತೋರಿಸುತ್ತದೆ. ಆ ಗೆರೆ ಡಾಂಬರೋ, ಗಣಿಯವರು ಎಂದೋ ಬಿಟ್ಟುಹೋದ ಜಾಡೋ, ಅದಕ್ಕೆ ನೆಚ್ಚುವಂತೆ ಗೊತ್ತಿರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಬಾಲ ಒಂದೇ ದಿನ ಒಂದು ವರ್ಷದ ಮಳೆ ಸುರಿದು ಪಾರ್ಕನ್ನು ಸುಮಾರು ಎರಡು ತಿಂಗಳು ಮುಚ್ಚಿಸಿತು. ಹೊರಡುವ ದಿನ ಬೆಳಿಗ್ಗೆ ಪಾರ್ಕಿನ ಅಧಿಕೃತ ರಸ್ತೆ ಮಾಹಿತಿ ನೋಡಿ. 190ನೇ ಹೆದ್ದಾರಿ, ಬ್ಯಾಡ್‌ವಾಟರ್ ರಸ್ತೆ, ಡಾಂಟೆಸ್ ವ್ಯೂ, ಆರ್ಟಿಸ್ಟ್ಸ್ ಡ್ರೈವ್ ಇಷ್ಟರಲ್ಲೇ ನೋಡುವಂಥದ್ದು ಒಂದು ದಿನಕ್ಕೆ ಬೇಕಾದಷ್ಟಿದೆ. ಡಾಂಬರು ಮುಗಿದಲ್ಲಿ ಗಾಡಿ ತಿರುಗಿಸಿ.

ರೇಸ್‌ಟ್ರ್ಯಾಕ್ ಎಂಬ ಒಣಗಿದ ಕೆರೆಯಂಗಳದ ಸರಿದಾಡುವ ಕಲ್ಲುಗಳನ್ನು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿಗೆ 43 ಕಿ.ಮೀ. ಮಣ್ಣುದಾರಿ, ಅದರ ಚೂಪುಕಲ್ಲು ಟೈರಿನ ಪಕ್ಕಗೋಡೆಯನ್ನು ಸೀಳುತ್ತದೆ. ಹೊಸ ಕಾರುಗಳಲ್ಲಿ ಎಷ್ಟೋ ಕಡೆ ಸ್ಟೆಪ್ನಿಯೇ ಇರುವುದಿಲ್ಲ, ಬದಲಿಗೆ ಒಂದು ಡಬ್ಬಿ ಅಂಟು ಇಟ್ಟಿರುತ್ತಾರೆ. ಪಕ್ಕಗೋಡೆ ಸೀಳಿದರೆ ಆ ಅಂಟು ಕೆಲಸಕ್ಕೆ ಬಾರದು. ಬಾಡಿಗೆ ಒಪ್ಪಂದಗಳು ಸಾಮಾನ್ಯವಾಗಿ ಡಾಂಬರು ಬಿಟ್ಟರೆ ವಿಮೆ ಇಲ್ಲ ಎನ್ನುತ್ತವೆ. ಟೋ ಮಾಡಿಸಿದರೆ ಸಾವಿರ ಡಾಲರ್ ಮೀರುವುದು ಅಪರೂಪವಲ್ಲ. ಕೀಲಿ ತೆಗೆದುಕೊಳ್ಳುವಾಗಲೇ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ, ಜಾಕ್ ನೋಡಿ.

ಪಾರ್ಕಿನೊಳಗಿನ ತಂಗುದಾಣ ಸ್ಟವ್‌ಪೈಪ್ ವೆಲ್ಸ್ ಸಮುದ್ರಮಟ್ಟದ ಆಸುಪಾಸಿನಲ್ಲಿದೆ. ಅಲ್ಲಿಂದ ಟೌನ್ ಪಾಸ್‌ಗೆ 1,500 ಮೀಟರ್ ಏರು. ತುಂಬಿದ ಗಾಡಿಯ ಎಂಜಿನ್ ಕಾಯುವುದು ಈ ಘಾಟಿಯಲ್ಲೇ. ಟೆಂಪರೇಚರ್ ಮುಳ್ಳು ಏರತೊಡಗಿದರೆ ಎಸಿ ನಿಲ್ಲಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿ. ಕೇಳಲು ಹುಚ್ಚು ಅನ್ನಿಸಿದರೂ ಎಂಜಿನ್ನಿನ ಬಿಸಿ ಹೊರಹೋಗಲು ಅದೂ ಒಂದು ದಾರಿ. ಆಗಲೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಇಳಿಜಾರಿನಲ್ಲಿ ಲೋ ಗೇರ್, ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ಪೆಟ್ರೋಲನ್ನು ಪಾರ್ಕಿನ ಹೊರಗಿನ ಪಾರಂಪ್ ಅಥವಾ ಬೀಟಿ ಊರಿನಲ್ಲೇ ತುಂಬಿಸಿ. ಪಾರ್ಕಿನೊಳಗಿನ ಬಂಕುಗಳಲ್ಲಿ ದರ ಬಹಳ ಹೆಚ್ಚು.

ಗಾಡಿ ಕೆಟ್ಟರೆ ಅದನ್ನು ಬಿಟ್ಟು ಹೋಗಬೇಡಿ. ಮೇಲಿನಿಂದ ಹುಡುಕುವವರಿಗೆ ಕಾರು ಕಂಡಷ್ಟು ಬೇಗ ಮನುಷ್ಯ ಕಾಣುವುದಿಲ್ಲ. ಬಾನೆಟ್ ಎತ್ತಿಡಿ, ಕಾರಿನ ನೆರಳಿನಲ್ಲಿ ಬರಿನೆಲಕ್ಕೆ ಮೈ ತಾಗದಂತೆ ಚಾಪೆ ಹಾಕಿ ಕೂರಿ, ಕಿಟಕಿಗೆ ಇಡುವ ಬೆಳ್ಳಿಬಣ್ಣದ ಸನ್‌ಶೇಡನ್ನು ಮೇಲೆ ಹರಡಿ. ಐಫೋನ್ 14 ಮತ್ತು ನಂತರದವುಗಳಿಂದ ಸಿಗ್ನಲ್ ಇಲ್ಲದಿದ್ದರೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು, ಆದರೆ ತೆರೆದ ಆಕಾಶ ಬೇಕು, ಬ್ಯಾಟರಿ ಉಳಿದಿರಬೇಕು.

ನೀವು ಒಳಗೆ ಹೋದದ್ದು, ಹೊರಗೆ ಬಂದದ್ದು ಪಾರ್ಕಿನವರು ಬರೆದಿಡುವುದಿಲ್ಲ. ಯಾವ ದಾರಿ, ಯಾವ ಹೋಟೆಲ್, ಕಾರಿನ ನಂಬರ್ ಎಲ್ಲವನ್ನೂ ಒಬ್ಬರಿಗೆ ಕಳಿಸಿ. ರಾತ್ರಿ ಇಷ್ಟು ಗಂಟೆಯೊಳಗೆ ಮೆಸೇಜ್ ಬರದಿದ್ದರೆ 911ಕ್ಕೆ ಫೋನ್ ಮಾಡಿ ಎಂದು ಹೇಳಿಡಿ. ಆ ಒಬ್ಬರು ಅಮೆರಿಕದಲ್ಲೇ ಇರುವವರಾಗಲಿ. ಮೈಸೂರಿನಿಂದ ಆ ನಂಬರ್ ಒತ್ತಿದರೆ ಅಮೆರಿಕದ ಪೊಲೀಸರಿಗೆ ತಾಗುವುದಿಲ್ಲ.